ಹೋಳಾಗದ ಕಾದಂಬರಿ

"ಅಯ್ಯಯ್ಯೋ, ಡಾಕ್ಟರೇ ಕೊಂದಿದ್ದು!"

ಈ ಮಾತು ಬೇರೆಲ್ಲಿ ಕೇಳಿಬಂದಿದ್ದರೂ ಇಷ್ಟು ರಾದ್ಧಾಂತವಾಗುತ್ತಿರಲಿಲ್ಲ. ರಟ್ಟಿನ ಮಾಮ ಕೂಗಿಕೊಂಡಿದ್ದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು. ಪಕ್ಕದ ಹೆಂಗಸು ಟೋಕನ್ ಅನ್ನು ಮೇಜಿನ ಮೇಲಿಟ್ಟು ಎದ್ದೇ ಹೋದಳು. ಡಾಕ್ಟರು ಬಾಗಿಲಲ್ಲಿ ಇಣುಕಿ, "ಯಾರನ್ನ?" ಎಂದರು.

"ನೀವಲ್ಲ ಸಾರ್, ಕಾದಂಬರೀಲಿರೋ ಡಾಕ್ಟ್ರು," ಎಂದು ಮಾಮ ಕೈಯಲ್ಲಿದ್ದ ಇ-ರೀಡರನ್ನು ಎತ್ತಿ ತೋರಿಸಿದರು.

ಆಗಿದ್ದಿಷ್ಟೆ. ಮಗಳು ಅಪ್ಪನಿಗೊಂದು, ಅಮ್ಮನಿಗೊಂದು ಇ-ರೀಡರ್ ತಂದುಕೊಟ್ಟು, ಎರಡನ್ನೂ ಒಂದೇ ಖಾತೆಗೆ ಜೋಡಿಸಿದ್ದಳು. ಮನೆಯಲ್ಲಿ ಹೆಂಡತಿ ಅದೇ ಕಾದಂಬರಿಯಲ್ಲಿ ಮುಂದೆ ಹೋಗಿದ್ದರು. "ಇನ್ನೊಂದು ಯಂತ್ರದಲ್ಲಿ ನೀವು ಶೇಕಡಾ ತೊಂಬತ್ತಾರು ಓದಿದ್ದೀರಿ. ಅಲ್ಲಿಗೆ ಹೋಗೋಣವೆ?" ಎಂದು ಯಂತ್ರ ಕೇಳಿತು. ಇಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೆ ಇಲ್ಲವೆನ್ನುವುದು ಹೇಗೆಂದು ಮಾಮ 'ಹೌದು' ಒತ್ತಿದರು. ಜೀವಮಾನವೆಲ್ಲ ಪುಸ್ತಕಗಳಿಗೆ ರಟ್ಟು ಹಾಕಿದವರ ಕೈಯಲ್ಲೇ ಗುಟ್ಟು ರಟ್ಟಾಯಿತು.

ಮಾಮನದು ಬೈಂಡಿಂಗ್ ಕಸುಬು, ಪೇಟೆಯಲ್ಲೊಂದು ಸಣ್ಣ ಅಂಗಡಿ. ಮದುವೆಯಾದ ಹೊಸತರಲ್ಲಿ ದಪ್ಪನೆಯ ಪತ್ತೇದಾರಿ ಕಾದಂಬರಿ ಮನೆಗೆ ಬಂದರೆ ಸಾಕು, ಯಾರು ಮೊದಲು ಓದಬೇಕೆಂದು ಗಂಡ ಹೆಂಡಿರಿಗೆ ಜಟಾಪಟಿ. ಒಂದು ದಿನ ಮಾಮ ಹೊಲಿಗೆ ಬಿಚ್ಚಿ ಪುಸ್ತಕವನ್ನೇ ಎರಡು ಹೋಳು ಮಾಡಿದರು. ಮೊದಲ ಹೋಳನ್ನು ತಾವು ಮುಗಿಸಿ ಹೆಂಡತಿಗೆ ದಾಟಿಸುವುದು, ಎರಡನೆಯದನ್ನು ಹಿಡಿದು ಎದುರಿಗೇ ಕೂರುವುದು. ಇಬ್ಬರದೂ ಮುಗಿದ ಮೇಲೆ ಮತ್ತೆ ಹೊಲಿಗೆ, ಗೋಂದು, ರಟ್ಟು. ಮೂವತ್ತು ವರ್ಷ ಹೀಗೇ ನಡೆಯಿತು. ಕೊಲೆಗಾರ ಯಾರೆಂಬುದು ಮಾಮನಿಗೆ ಸದಾ ಮೊದಲೇ ಗೊತ್ತು. ಮೀಸೆಯಡಿ ನಗುತ್ತ, "ಆ ಮಾಲಿ ಮೇಲೆ ಒಂದು ಕಣ್ಣಿಟ್ಟಿರು ಕಣೇ" ಎಂದು ಸುಳ್ಳು ಸುಳಿವು ಕೊಡುವುದರಲ್ಲಿ ಅವರ ಸಂಸಾರಸುಖದ ಮುಕ್ಕಾಲು ಪಾಲಿತ್ತು.

ಆಮೇಲೆ ಹೆಂಡತಿಗೆ ಮಣಿಕಟ್ಟಿನ ನೋವು ಬಂತು. ಅರ್ಧ ಹೋಳೂ ಭಾರವಾಯಿತು. ಮಾಮ ಕಾಲು ಹೋಳು ಮಾಡಿಕೊಟ್ಟು ನೋಡಿದರು, ಆಗಲಿಲ್ಲ. ಎರಡು ವರ್ಷ ಆಕೆ ಓದನ್ನೇ ಬಿಟ್ಟರು. ಮಾಮ ಒಬ್ಬರೇ ಓದಿ, ಒಬ್ಬರೇ ನಕ್ಕು, ಅದು ರುಚಿಸದೆ ಬೇಗ ದೀಪ ಆರಿಸಿ ಮಲಗತೊಡಗಿದರು. ಈಗ ಹಗುರವಾದ ಯಂತ್ರ, ಬೇಕಾದಷ್ಟು ದಪ್ಪ ಅಕ್ಷರ. ಜೊತೆ ಓದು ಮತ್ತೆ ಶುರುವಾಯಿತೆಂದು ಹಿಗ್ಗುವಷ್ಟರಲ್ಲಿ ಈ ಅನಾಹುತ.

"ನನಗಿಂತ ಮುಂಚೆ ಯಾಕೆ ಓದಿದೆ?" ಎನ್ನುತ್ತಲೇ ಮಾಮ ಮನೆಯೊಳಗೆ ಕಾಲಿಟ್ಟರು.

"ಮೂವತ್ತು ವರ್ಷ ಕಾದಿದ್ದು ಸಾಲದಾ? ಈ ಸಲ ನಾನೇ ನಿಮಗೆ ಮಾಲಿ ಮೇಲೆ ಕಣ್ಣಿಡಿ ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ಕಪ್ಪೆ ಥರ ಹಾರಿಬಿಟ್ರಲ್ಲ ರೀ!"

ಮಾಮನ ಮುಖ ದಪ್ಪಗಾಯಿತು. ಮಗಳು ನಡುವೆ ಬಾಯಿ ಹಾಕಿದಳು. "ಜಗಳ ಯಾಕೆ? ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡ್ಕೊಡ್ತೀನಿ, ಐದು ನಿಮಿಷದ ಕೆಲಸ. ಆಮೇಲೆ ಯಾರು ಎಲ್ಲಿವರೆಗೆ ಓದಿದ್ದೀರಿ ಅಂತ ಇನ್ನೊಬ್ಬರಿಗೆ ಗೊತ್ತೇ ಆಗಲ್ಲ."

ಹೆಂಡತಿ ನಗು ನಿಲ್ಲಿಸಿ, "ನಿಮ್ಮಿಷ್ಟ" ಎಂದರು. ಆ ಮನೆಯಲ್ಲಿ ಅದಕ್ಕೆ 'ಖಂಡಿತ ಬೇಡ' ಎಂದರ್ಥ. ಮಾಮ ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು; ಬಿಚ್ಚುವುದಕ್ಕೆ ಎಲ್ಲಿಯೂ ಹೊಲಿಗೆಯಿರಲಿಲ್ಲ.

"ಬೇಡಮ್ಮ, ಒಂದೇ ಇರಲಿ."

ಹೆಂಡತಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದರು. ಮಗಳ ದನಿ ಮೆತ್ತಗಾಯಿತು. "ಯಾಕಪ್ಪ? ಅಮ್ಮನ ಜೊತೇಲೇ ಕೂತು ಓದಿದ ಹಾಗೆ ಅನ್ಸುತ್ತಾ?"

"ಏ, ಹಾಗೇನಿಲ್ಲ," ಎಂದರು ಮಾಮ. "ಸಂಜೆ ಅಂಗಡೀಲಿ ಇದನ್ನ ತೆಗೆದಾಗ ನಿಮ್ಮಮ್ಮ ತೊಂಬತ್ತು ಪರ್ಸೆಂಟ್ ದಾಟಿದ್ದಾಳೆ ಅಂತ ತೋರಿಸಿದ್ರೆ, ಒಲೆ ಹಚ್ಚಿಲ್ಲ ಅಂತಾನೇ ಲೆಕ್ಕ; ಬರ್ತಾ ಹೋಟೆಲಿಂದ ಊಟ ಕಟ್ಟಿಸ್ಕೊಂಡು ಬರಬಹುದು."