ಮೂವತ್ತೆಂಟು ಹೆಜ್ಜೆ

ಪಶ್ಚಿಮ ಮಿಶಿಗನ್ನಿನ ಆ ಕುರ್ಚಿ ಕಾರ್ಖಾನೆಯಲ್ಲಿ ಹಾರ್ಲನ್ ವೀನ್‌ಸ್ಟ್ರಾನ ಕೆಲಸ ಬೇರೆಯವರ ಹೆಜ್ಜೆ ಎಣಿಸುವುದು. ಒಹಾಯೊದಿಂದ ಬೋಲ್ಟಿನ ಲಾರಿ ಎಷ್ಟು ಗಂಟೆಗೆ ಬರಬೇಕು, ಪೆಟ್ಟಿಗೆ ಎಲ್ಲಿ ಇಳಿಯಬೇಕು, ಯಾರ ಕೈಗೆ ಯಾವ ಕಡೆಯಿಂದ ಎಟುಕಬೇಕು, ಎಲ್ಲ ಅವನ ನಕ್ಷೆಯಂತೆಯೇ. ಕೆಲಸಗಾರರು ಓಡಾಡಿದ ದಾರಿಯನ್ನೆಲ್ಲ ಪೆನ್ಸಿಲಿನಿಂದ ಕಾಗದದ ಮೇಲೆ ಎಳೆಯುತ್ತಿದ್ದ. ಸಂಜೆಗೆ ಅದು ಶ್ಯಾವಿಗೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅದನ್ನು ನೆಟ್ಟಗೆ ಮಾಡುವುದರಲ್ಲೇ ಮೂವತ್ತು ವರ್ಷ ಸವೆಸಿದ ಪುಣ್ಯಾತ್ಮ. ಅವನನ್ನು ಕಂಡರೆ ಜನ ಮಾತು ನಿಲ್ಲಿಸುತ್ತಿದ್ದರು. ಗಡಿಯಾರ ಹಿಡಿದು ನಿಂತವನ ಜೊತೆ ಯಾರು ಹರಟುತ್ತಾರೆ?

ಹೆಂಡತಿ ಜಾಯ್ಸ್ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಲ್ಲ. ಮಾತಾಡಿಸಲು ಉಳಿದವಳು ಕಾರ್ಖಾನೆಯ ಮಾರ್ಲಿಸ್ ಬೂರ್ಸ್ಮಾ ಒಬ್ಬಳೇ. ಕುರ್ಚಿಗಳಿಗೆ ತೋಳು ಕೂರಿಸುವವಳು, ವಯಸ್ಸು ಅರವತ್ತರ ಹತ್ತಿರ. ಅವಳಿಗೆ ಬೇಕಾದ ಬೋಲ್ಟಿನ ಪೆಟ್ಟಿಗೆ ಹಾರ್ಲನ್ನನ ಮೇಜಿನ ಪಕ್ಕದಲ್ಲಿತ್ತು. ಬಂದಾಗಲೆಲ್ಲ ಮೇಜಿನ ಮೇಲೆ ಒಂದು ಪೆಪ್ಪರ್‌ಮಿಂಟ್ ಇಡುತ್ತಿದ್ದಳು, ಚರ್ಚಿನಲ್ಲಿ ಪ್ರವಚನ ಉದ್ದವಾದಾಗ ಚಪ್ಪರಿಸುವ ಅದೇ ಬಿಳಿ ಪೆಪ್ಪರ್‌ಮಿಂಟ್.

"ಏನಯ್ಯಾ, ಬದುಕಿದ್ದೀಯಾ?"

"ಇದ್ದೀನಮ್ಮಾ, ಇನ್ನೂ ಇದ್ದೀನಿ."

ದಿನವಿಡೀ ಕೆಲಸದ್ದಲ್ಲದ ಮಾತು ಅವನಿಗೆ ಅಷ್ಟೇ. ಅಷ್ಟಕ್ಕಾಗಿಯೇ ಬೆಳಗ್ಗೆ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ.

ಆ ಮಾರ್ಚಿನಲ್ಲಿ ಮಾರ್ಲಿಸಳ ವಿಭಾಗದ ನಕ್ಷೆಯ ಸರದಿ ಬಂತು. ಮ್ಯಾನೇಜರ್ ಕೀತ್ ಎಲ್ಲರೆದುರೇ ಕಾಗದದ ಮೇಲೆ ಬೆರಳಿಟ್ಟ.

"ಇದೇನಿದು ಹಾರ್ಲನ್? ಮೂವತ್ತೆಂಟು ಹೆಜ್ಜೆ, ದಿನಕ್ಕೆ ನಾಲ್ಕು ಸಲ! ಅದೂ ನಿನ್ನ ಮೇಜಿನ ತನಕ!"

ಯಾರೋ ಕಿಸಕ್ಕೆಂದರು. ಹಾರ್ಲನ್ನನ ಕಿವಿ ಕೆಂಪಾಯಿತು. ಆ ಗೆರೆಯೊಂದು ಇರಲಿ ಎನ್ನಲು ಬಾಯಿ ಬರಲಿಲ್ಲ.

"ದಂಡದ ಓಡಾಟ," ಅಂದ. "ಪೆಟ್ಟಿಗೆ ಅವಳ ಪಕ್ಕಕ್ಕೇ ಹಾಕಿಸ್ತೀನಿ."

ಸೋಮವಾರ ಹಾಕಿಸಿಯೂ ಬಿಟ್ಟ, ತಾನೇ ಬಗ್ಗಿ ನೆಲಕ್ಕೆ ಜಾಗ ಗುರುತಿಸುವ ಹಳದಿ ಪಟ್ಟಿ ಅಂಟಿಸಿ.

ಮೂರು ವಾರ ಮೇಜಿನ ಹತ್ತಿರ ಯಾರೂ ಸುಳಿಯಲಿಲ್ಲ. ಕೊನೆಗೆ ಒಂದು ದಿನ ಊಟದ ಹೊತ್ತಿಗೆ ಕೈ ತೊಳೆಯುವಲ್ಲಿ ಮಾರ್ಲಿಸ್ ಸಿಕ್ಕಳು.

"ಮಂಡಿ ನೋವು ಹೇಗಿದೆ ಈಗ? ಓಡಾಟ ತಪ್ತಲ್ಲ," ಎಂದು ಇವನೇ ಮಾತು ತೆಗೆದ.

"ಮಂಡಿಗೇನು, ಸುಖವಾಗಿದೆ." ಅವಳು ನಲ್ಲಿ ನಿಲ್ಲಿಸಿದಳು. "ಅಲ್ಲ ಕಣಯ್ಯಾ, ಇಡೀ ದಿನದ ಬೋಲ್ಟು ಒಂದು ಡಬ್ಬದಲ್ಲಿ ಹಿಡಿಯುತ್ತೆ. ಒಂದೇ ಸಲ ತುಂಬ್ಕೊಂಡು ಹೋಗೋಕೆ ನಂಗೆ ಬರ್ತಿರ್ಲಿಲ್ವಾ? ನಾಲ್ಕು ಸಲ ಯಾಕೆ ಬರ್ತಿದ್ದೆ ಅಂತ ನಿನ್ನ ಗಡಿಯಾರ ಹೇಳ್ಲಿಲ್ವಾ?"

ಊಟ ಮುಗಿದ ಗಂಟೆ ಹೊಡೆಯಿತು. ಅವಳು ಕೈ ಒರೆಸಿಕೊಂಡು ಹೊರಟುಹೋದಳು. ಇದ್ದ ಒಬ್ಬಳನ್ನೂ ಹಾರ್ಲನ್ ಕೈಯಾರೆ ಕಳೆದುಕೊಂಡಿದ್ದ.

ಮೇಜಿಗೆ ಬಂದು ಹೊಸ ಕಾಗದ ತೆಗೆದು, ಆ ದಿನ ತಾನು ನಡೆದ ದಾರಿಯನ್ನು ಎಳೆದ. ಬಾಗಿಲಿಂದ ಮೇಜಿಗೆ, ಮೇಜಿಂದ ನಲ್ಲಿಗೆ, ಮತ್ತೆ ಮೇಜಿಗೆ. ಎಲ್ಲೂ ಸುತ್ತಿಲ್ಲ, ಯಾರ ಹತ್ತಿರವೂ ನಿಂತದ್ದಿಲ್ಲ. ಎಲ್ಲರ ದಾರಿಯೂ ಹೀಗೇ ಇರಬೇಕೆಂದು ಅವನು ಮೂವತ್ತು ವರ್ಷ ಹಟ ಹಿಡಿದಿದ್ದ. ತಿದ್ದಲು ಒಂದು ಗೆರೆಯೂ ಸಿಗಲಿಲ್ಲ.