ಅರದಾಳ ಹತ್ತಿದ ಅರ್ಜಿ

ಹೋದ ಭಾನುವಾರ ರಾಯಚೂರಿನಲ್ಲಿ ಕಾಲಲ್ಲಿ ತುಳಿದು ನುಡಿಸುವ ಅಪ್ಪನ ಹಾರ್ಮೋನಿಯಂ ಅನ್ನು ರಿಪೇರಿಗೆ ಬಿಚ್ಚಿಸಿದೆ. ಒಳಗೆ ಗುಲಾಬಿ ಬಣ್ಣದ ಪುಡಿ ಕೂತಿತ್ತು. ನಾಟಕದವರು ಮುಖಕ್ಕೆ ಬಳಿಯುವ ಅರದಾಳ. ಮೂಸಿದೆ. ಎದುರುಮನೆಯ ಚಿಗವ್ವ ಇದರ ಮುಚ್ಚಳದ ಮೇಲೆ ಕನ್ನಡಿ ಇಟ್ಟುಕೊಂಡೇ ಬಣ್ಣ ಹಚ್ಚಿಕೊಳ್ಳುತ್ತಿದ್ದಳು…

ಚಿಗವ್ವ ಎನ್ನುತ್ತಿದ್ದೆ, ನೆಂಟಸ್ತಿಕೆ ಇರಲಿಲ್ಲ. ಅಪ್ಪ ಹಾರ್ಮೋನಿಯಂ ಮಾಸ್ತರ. ಊರವರು ನಾಟಕ ಆಡುವಾಗ ಸಂಗೀತಕ್ಕೆ ಅಪ್ಪನನ್ನೂ ಹೆಣ್ಣುಪಾತ್ರಕ್ಕೆ ಆಕೆಯನ್ನೂ ಕರೆಸುತ್ತಿದ್ದರು. ಹೆಚ್ಚಾಗಿ ಆಡುತ್ತಿದ್ದದ್ದು ನೂರು ವರ್ಷ ಹಿಂದಿನ ಕಾಲದ ಒಂದು ಕಥೆ. ಅದರಲ್ಲಿ ಎಳೆಯ ವಿಧವೆಯೊಬ್ಬಳು, ತಲೆ ಬೋಳಿಸಲು ಹೊರಟ ಮನೆಯವರ ಎದುರು, ಶಾಲೆಗೆ ಕಳಿಸೆಂದು ತಂದೆಯನ್ನು ಹಾಡಿನಲ್ಲಿ ಕೇಳುತ್ತಾಳೆ.

ನನಗೆ ಆಗ ಹತ್ತೊಂಬತ್ತು. ಗಂಡ ತೀರಿ ಎಂಟು ತಿಂಗಳಾಗಿತ್ತು. ಶಿಕ್ಷಕರ ತರಬೇತಿಗೆ ಅರ್ಜಿ ತಂದಿದ್ದೆ. ಅಪ್ಪ ಸಹಿ ಹಾಕಲಿಲ್ಲ. ಕೊಡಲು ನಾಲ್ಕು ದಿನ ಉಳಿದಿತ್ತು. ಚಿಗವ್ವ ಹೇಳಿ ನೋಡಿದಳು.

“ನಾಟಕ ಬ್ಯಾರಿ, ಮನಿ ಬ್ಯಾರಿ ತಂಗಿ,” ಎಂದ ಅಪ್ಪ.

ಆಕೆ ಮರುದಿನ ದೇವದುರ್ಗದ ಆಟಕ್ಕೆ ಸೀರೆ ಉಡಿಸಲು ಒಬ್ಬಳು ಬೇಕೆಂದು ನನ್ನನ್ನೂ ಬಸ್ಸು ಹತ್ತಿಸಿದಳು.

ನಮ್ಮ ಕಡೆ ಜನ ‘ಒನ್ಸ್ ಮೋರ್’ ಎಂದರೆ ಹಾಡು ಮತ್ತೆ ಆಗಲೇಬೇಕು, ಮಾಸ್ತರ ನುಡಿಸಲೇಬೇಕು. ತಂದೆಯನ್ನು ಕೇಳುವ ಹಾಡಿಗೆ ಎರಡು ಸಲ ಕೂಗು ಬಿತ್ತು. ಮೂರನೆಯ ಸಲ ಚಿಗವ್ವ ತಂದೆಯ ಪಾತ್ರದವನಿಗೆ ಬೆನ್ನು ಮಾಡಿದಳು. ರಂಗದ ಅಂಚಿಗೆ ಬಂದು, ಕೆಳಗೆ ಕುಳಿತ ಅಪ್ಪನನ್ನೇ ನೋಡುತ್ತ ಹಾಡಿದಳು. ಅಪ್ಪನ ಕೈ ನಿಂತಿತು.

ಆಕೆ ರಂಗದ ಮೇಲಿಂದಲೇ ಕೇಳಿದಳು: “ಸ್ವರಾ ಕೊಡ್ರಿ ಮಾಸ್ತರ. ಇಲ್ಲಂದ್ರ ಜವಾಬು ಕೊಡ್ರಿ.”

ಅದೂ ನಾಟಕದ ಮಾತೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ಮುದುಕಿಯೊಬ್ಬಳು, “ಕೊಡೋ ಯಪ್ಪಾ, ಕೂಸು ಎಷ್ಟೊತ್ತು ನಿಂದರಬೇಕು,” ಎಂದಳು. ನಾನು ಪರದೆಯ ಹಿಂದೆ ಸೀರೆ ಮಡಚುವುದನ್ನು ಬಿಟ್ಟು ನಿಂತಿದ್ದೆ. ಅಪ್ಪ ತಲೆ ತಗ್ಗಿಸಿ ಸ್ವರ ಕೊಟ್ಟ.

ಮರುದಿನ ಊರಿಗೆ ಮರಳುವ ಬಸ್ಸು ಕಲ್ಮಲಕ್ಕೆ ಬಂತು. ಅಲ್ಲಿ ಬಸ್ಸು ನಿಂತಾಗ ಅಪ್ಪ ಕಿಟಕಿಯ ಆಚೆ ನೋಡುತ್ತ ಕೇಳಿದ: “ಅರ್ಜಿ ಎಲ್ಲದ?”

ಮನೆಯಲ್ಲಿದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಚಿಗವ್ವ ತನ್ನ ಬಣ್ಣದ ಪೆಟ್ಟಿಗೆ ತೆರೆದಳು. ಅರ್ಜಿ ಅರದಾಳದ ಡಬ್ಬಿಯ ಕೆಳಗಿತ್ತು. ಯಾವಾಗ ಎತ್ತಿಟ್ಟುಕೊಂಡಿದ್ದಳೋ… ಅಪ್ಪ ತೊಡೆಯ ಮೇಲಿಟ್ಟು ಸಹಿ ಹಾಕಿದ.

“ಮೂರು ಸಲ ಹಾಡಿಸಿ ನನ್ನ ಗಂಟಲಾ ಹರಿಸಿದ್ರಿ,” ಎಂದು ಆಕೆ ಅಪ್ಪನನ್ನು ಬೈದಳು. ಅಪ್ಪ ನಕ್ಕ. ಎಂಟು ತಿಂಗಳಲ್ಲಿ ಮೊದಲ ಸಲ ನಾನು ಸಲೀಸಾಗಿ ಉಸಿರಾಡಿದೆ. ಕಚೇರಿಯ ಗುಮಾಸ್ತ ಅಂಚಿನ ಗುಲಾಬಿ ಕಲೆ ಏನೆಂದು ಕೇಳಿದನಾದರೂ ಅರ್ಜಿ ತೆಗೆದುಕೊಂಡ.

ಮಾನ್ವಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದೆ. ಅಪ್ಪ ಅದಕ್ಕೂ ಎಷ್ಟೋ ಮುಂಚೆ ಹೋದ. ಚಿಗವ್ವ ನನ್ನ ನಿವೃತ್ತಿಯ ಹಿಂದಿನ ಬೇಸಗೆಯಲ್ಲಿ ತೀರಿಕೊಂಡಳು. ಆಕೆಯ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಹಾಡಿನ ಧಾಟಿಯೂ ಈಗ ಅರ್ಧಕ್ಕೇ ನಿಲ್ಲುತ್ತದೆ…

ಪುಡಿ ಒರೆಸಲೇ ಎಂದು ರಿಪೇರಿಯವನು ಕೇಳಿದ. ಬೇಡ ಎಂದೆ. ಮಕ್ಕಳು ನುಡಿಸಲೆಂದು ಕಳಿಸಿದ ಹಾರ್ಮೋನಿಯಂ ಬುಧವಾರ ಮಾನ್ವಿಯ ನನ್ನ ಶಾಲೆಗೆ ಮುಟ್ಟಿದೆ. ಒಂದು ಸ್ವರ ಇನ್ನೂ ಹೊರಡುತ್ತಿಲ್ಲ.