ತಿಹೊಮಿರಣ್ಣನಿಗೆ ಯಾವ ವೇಷ

ನಮ್ಮೂರು ವಾಲ್ಯೆವೊದ ನದಿ ದಂಡೆಯ ಹೋಟೆಲಿನಲ್ಲಿ ಮೂವತ್ತಾರು ವರ್ಷ ಸಪ್ಲಯರ್ ಆಗಿದ್ದು ನಿವೃತ್ತರಾದ ತಿಹೊಮಿರಣ್ಣ ಒಂದು ಸೋಮವಾರ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

"ಒಂದು ವಿಷಯ ಕೇಳ್ಬೇಕಿತ್ತಪ್ಪ. ಯೋಧನೋ, ಮಂತ್ರವಾದಿಯೋ, ಕಳ್ಳನೋ? ನನ್ನಂಥೋನು ಯಾವುದಾದ್ರೆ ಒಳ್ಳೇದು?"

ಅರವತ್ತೆಂಟರ ಮನುಷ್ಯ ಹೀಗೆ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆಮೇಲೆ ವಿಷಯ ತಿಳಿಯಿತು. ಅವರ ತಮ್ಮ ರಾದಿಸಾವ್ ಪ್ರತಿ ಶನಿವಾರ ಸಂಜೆ ಮಗಳು ಇಸಿದೋರಾಳ ಜತೆ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಾನೆ. ನಾಲ್ಕು ಜನ ಸೇರಿ, ಒಬ್ಬೊಬ್ಬರು ಒಂದೊಂದು ವೇಷ ಹಾಕಿ, ರಾಕ್ಷಸರನ್ನು ಹೊಡೆಯುವ ಆಟ. ನಾಲ್ಕನೆಯವಳಿಗೆ ಮದುವೆಯಾಗಿ ಜಾಗ ಖಾಲಿಯಾಗಿತ್ತು. ಇಸಿದೋರಾ ದೊಡ್ಡಪ್ಪನಿಗೆ ಫೋನು ಮಾಡಿದ್ದಳು.

"ಅಪ್ಪ ಬೇಡ ಅನ್ಲಿಲ್ಲ ದೊಡ್ಡಪ್ಪ. ಕೆಲಸಕ್ಕೆ ಬರೋ ಹಾಗಿದ್ರೆ ಬರ್ಲಿ ಅಂದ್ರು. ಈ ಶನಿವಾರ ನೋಡ್ತೀವಿ. ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಕೋತೀವಿ, ಬೇಜಾರು ಮಾಡ್ಕೋಬೇಡಿ" ಅಂದಿದ್ದಳಂತೆ.

ಈ ಅಣ್ಣತಮ್ಮಂದಿರು ಮಾತು ಬಿಟ್ಟು ಏಳು ವರ್ಷವಾಗಿತ್ತು. ಕಾರಣ ಇಡೀ ಬೀದಿಗೇ ಗೊತ್ತು. ಅವರ ಮನೆತನದ ಸಂತ ನಿಕೋಲ. ವರ್ಷಕ್ಕೊಮ್ಮೆ ಆ ಸಂತನ ಹಬ್ಬದ ದಿನ ಹಿರಿಯಣ್ಣನ ಮನೆಯಲ್ಲಿ ಊಟ. ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರೆಲ್ಲ ಅತಿಥಿಗಳೇ. ಕೊನೆಯ ಅತಿಥಿ ಎದ್ದು ಹೋಗುವವರೆಗೆ ಮನೆಯ ಯಜಮಾನ ಕೂರುವ ಹಾಗಿಲ್ಲ. ಆ ವರ್ಷ ರಾದಿಸಾವ್ ಚಳಿಯಲ್ಲಿ ಅಣ್ಣನ ಮನೆಗೆ ಎರಡು ದೊಡ್ಡ ಮೀನು ಹೊತ್ತು ತಂದಿದ್ದ. ಅತಿಥಿಗಳು ಬರುತ್ತಲೇ ಇದ್ದರು. ಮೂರು ಸಲ ಅವನು ಕೂತ, ಮೂರು ಸಲವೂ ತಿಹೊಮಿರಣ್ಣ ಕಿವಿಯಲ್ಲಿ "ನೀನು ಮನೆಯವ್ನು, ಸ್ವಲ್ಪ ತಡಿ" ಎಂದು ಎಬ್ಬಿಸಿ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟರು. ನಾಲ್ಕನೇ ಸಲ ಎದ್ದವನು ಕೋಟು ಹಾಕಿಕೊಂಡು ಹೊರಟೇ ಹೋದ. ತಾನೇ ತಂದ ಮೀನಿನ ಒಂದು ತುಂಡೂ ಅವನ ಬಾಯಿಗೆ ಬಿದ್ದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಆದರೆ ತಿಹೊಮಿರಣ್ಣನಿಗೆ ಏಳು ವರ್ಷವಾದರೂ ತಾನು ಮಾಡಿದ ತಪ್ಪೇನೆಂದು ತಿಳಿದಿರಲಿಲ್ಲ.

"ಬೀದೀಲಿ ಸಿಕ್ರೆ ಆಚೆ ಬದಿಗೆ ದಾಟ್ತಾನೆ. ಆಟದಲ್ಲಾದ್ರೆ ಮಾತಾಡ್ಲೇಬೇಕಂತೆ, ಇಲ್ದಿದ್ರೆ ಗೆಲ್ಲಕ್ಕಾಗಲ್ವಂತೆ" ಎಂದರು. ಆ ಕಣ್ಣು ನೋಡಿ ಇಲ್ಲವೆನ್ನಲು ನನಗಾಗಲಿಲ್ಲ.

ಮಂಗಳವಾರ ಯೋಧನ ವೇಷ ಹಾಕಿಸಿದೆ. ಗಟ್ಟಿ ಕವಚ, ದೊಡ್ಡ ಗುರಾಣಿ. ಕೆಲಸ ಒಂದೇ, ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ ಪೆಟ್ಟು ತಿನ್ನುವುದು. ನಮ್ಮ ಮಹಾನುಭಾವರು ಗುಹೆಯ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತರು. ಜತೆಗಿದ್ದ ಮೂವರು ಕಂಪ್ಯೂಟರ್ ಬೊಂಬೆಗಳು ಒಳಗೆ ಹೋಗಿ ಸತ್ತವು.

"ಅಯ್ಯೋ, ನೀವು ಮುಂದೆ ಹೋಗ್ಬೇಕು ತಿಹೊಮಿರಣ್ಣ!"

"ನಾಲ್ಕು ಜನ ನಿಂತಿರುವಾಗ ನಾನು ಮುಂದೆ ನುಗ್ಲಾ? ಏನು ಸಂಸ್ಕಾರ ಅದು?"

ಬುಧವಾರ ಕಳ್ಳ. ಮೊದಲ ಮನೆಯಲ್ಲಿ ಒಬ್ಬಳು ಮುದುಕಿ ಸೂಪು ಕಾಯಿಸುತ್ತಿದ್ದಳು. ಅವಳ ಪೆಟ್ಟಿಗೆ ತೆರೆಯಬೇಕಿತ್ತು. ಇವರು ಹದಿನೈದು ನಿಮಿಷ ಅವಳೆದುರು ಸುಮ್ಮನೆ ನಿಂತು, "ಒಬ್ಳೇ ಇದ್ದಾಳೆ, ಪಾಪ" ಎಂದು ಹೊರಗೆ ಬಂದರು. ಗುರುವಾರ ಮಂತ್ರವಾದಿ. ಇಪ್ಪತ್ತೆರಡು ಮಂತ್ರ, ಇಪ್ಪತ್ತೆರಡು ಗುಂಡಿ. ಬೆಂಕಿಯೆಂದು ಒತ್ತಿದ್ದು ಮಂಜಾಗಿ, ಮಂಜೆಂದು ಒತ್ತಿದ್ದು ತಮ್ಮ ಮೇಲೇ ಬಿದ್ದು, ಕೊನೆಗೆ ಅವರು ಕಪ್ಪೆಯಾದರು. ಯಾವ ವೇಷ ಒಳ್ಳೆಯದೆಂದು ಅವರು ಸಿಕ್ಕಸಿಕ್ಕವರನ್ನೆಲ್ಲ ಕೇಳತೊಡಗಿದ್ದರು. ಬೇಕರಿಯವಳು ಬಿಲ್ಲುಗಾರ ಎಂದಳಂತೆ. ಬೇಕರಿಯವಳಿಗೇನು ಗೊತ್ತು? ನನಗೂ ತಲೆ ಚಿಟ್ಟು ಹಿಡಿದಿತ್ತು.

ಶುಕ್ರವಾರ ಬೇರೆ ದಾರಿ ಕಾಣದೆ ವೈದ್ಯನ ವೇಷ ಹಾಕಿಸಿದೆ. ಪ್ರತಿಯೊಬ್ಬರ ತಲೆಯ ಮೇಲೂ ಒಂದು ಕೆಂಪು ಪಟ್ಟಿ, ಪೆಟ್ಟು ಬಿದ್ದಂತೆ ಕುಗ್ಗುತ್ತದೆ. ವೈದ್ಯ ಔಷಧಿ ಸುರಿದರೆ ತುಂಬಿಕೊಳ್ಳುತ್ತದೆ. ತಿಹೊಮಿರಣ್ಣನ ಬೆನ್ನು ನೆಟ್ಟಗಾಯಿತು. ಆರು ಮೇಜಿನ ಮೇಲೆ ಯಾರ ಗ್ಲಾಸು ಖಾಲಿಯಾಗುತ್ತಿದೆ ಎಂದು ನೋಡಿ ಪಳಗಿದ ಕಣ್ಣು ಅದು. ಒಬ್ಬರೂ ಸಾಯಲಿಲ್ಲ.

"ಇದೇ ನಿಮ್ಮ ವೇಷ" ಎಂದೆ. ಅಂದು ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಶನಿವಾರ ನಾಲ್ಕು ಗಂಟೆಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕಂಪ್ಯೂಟರಿನಿಂದ ಇಸಿದೋರಾಳ ದನಿ ಬಂತು. ಯೋಧನಾಗಿದ್ದವನು ವುಕಾನ್, ಸುಬೋತಿತ್ಸ ಎಂಬ ಊರಿನ ಹುಡುಗ, ಮರ್ಯಾದಸ್ಥ. ರಾದಿಸಾವ್ ಬಿಲ್ಲುಗಾರ. ತಿಹೊಮಿರಣ್ಣ ಎಲ್ಲರಿಗೂ ಒಬ್ಬೊಬ್ಬರಾಗಿ ನಮಸ್ಕಾರ ಹೇಳಿದರು. ಇಬ್ಬರು ಉತ್ತರ ಕೊಟ್ಟರು.

ರಾಕ್ಷಸ ಬಂದ. ತಿಹೊಮಿರಣ್ಣ ಮೊದಲು ವುಕಾನನಿಗೆ ಸುರಿದರು, ಆಮೇಲೆ ಇಸಿದೋರಾಗೆ, ಮತ್ತೆ ವುಕಾನನಿಗೆ. ರಾದಿಸಾವನ ಪಟ್ಟಿ ಕುಗ್ಗುತ್ತಾ ಬಂತು.

"ನಿಮ್ಮ ತಮ್ಮನ ಕಡೆ ನೋಡಿ!" ಎಂದೆ ನಾನು.

"ಅವ್ನು ಮನೆಯವ್ನು. ಸ್ವಲ್ಪ ತಡ್ಕೋತಾನೆ" ಎಂದರು.

ಮೈಕು ತೆರೆದೇ ಇತ್ತು. ಮಾತು ಎಲ್ಲರಿಗೂ ಕೇಳಿತು. ಬಿಲ್ಲುಗಾರ ಸತ್ತು ಬಿದ್ದ. ರಾದಿಸಾವನ ಒರಟು ದನಿ ಬಂತು.

"ಇಲ್ಲೂ ಅದೇ."

ತಿಹೊಮಿರಣ್ಣನ ಕೈ ಗುಂಡಿಗಳ ಮೇಲೆಯೇ ನಿಂತುಹೋಯಿತು. ಏಳು ವರ್ಷ ಹೇಳಿ ಹೇಳಿ ಸೋತ ಅವರ ಹೆಂಡತಿ, ಸೊಸೆ, ಪಾದ್ರಿ ಯಾರು ಹೇಳಿದರೂ ನಾಟದ ತಪ್ಪು ಈ ಎರಡು ಮಾತಿನಿಂದ ನಾಟಿತ್ತು. ನಾನು ಮೈಕು ಮುಚ್ಚಿದೆ.

"ಬೇರೆ ವೇಷ ಹಾಕ್ಕೊಳ್ಳಾ?" ಎಂದು ಮೆಲ್ಲಗೆ ಕೇಳಿದರು.

"ವೇಷದಲ್ಲಿ ತಪ್ಪಿಲ್ಲ ತಿಹೊಮಿರಣ್ಣ" ಎಂದೆ. ಮೈಕು ಮತ್ತೆ ತೆರೆದೆ.

"ಇನ್ನೊಂದೇ ಸಲ" ಎಂದಳು ಇಸಿದೋರಾ. "ಇದು ಕೊನೇದು ದೊಡ್ಡಪ್ಪ."

ಎರಡನೇ ಸಲ ರಾಕ್ಷಸ ಬಂದದ್ದೇ ತಡ, ತಿಹೊಮಿರಣ್ಣ ತಮ್ಮನಿಗೆ ಸುರಿಯಲು ಶುರು ಮಾಡಿದರು. ಪಟ್ಟಿ ತುಂಬಿದ ಮೇಲೂ ಸುರಿದರು. "ಸ್ವಲ್ಪ ನನ್ನ ಕಡೆಗೂ, ಸಾರ್" ಎಂದು ವುಕಾನ್ ವಿನಯದಿಂದಲೇ ಕೇಳಿಕೊಂಡು ವಿನಯದಿಂದಲೇ ಸತ್ತ. ಇಸಿದೋರಾ ಬೈದು ಸತ್ತಳು. ಉಳಿದವರು ಅಣ್ಣತಮ್ಮ ಇಬ್ಬರೇ. ಒಬ್ಬ ಬಾಣ ಬಿಡುತ್ತಾನೆ, ಇನ್ನೊಬ್ಬ ಸುರಿಯುತ್ತಾನೆ. ಔಷಧಿ ಮುಗಿಯುವವರೆಗೆ ನಿಂತರು. ಆಮೇಲೆ ಇಬ್ಬರೂ ಒಟ್ಟಿಗೆ ಬಿದ್ದರು.

"ನಿಂಗೇನು ತಲೆ ಕೆಟ್ಟಿದ್ಯಾ?" ರಾದಿಸಾವ್ ಗುಡುಗಿದ. "ಮುಂದೆ ನಿಂತು ಪೆಟ್ಟು ತಿನ್ನೋನಿಗೆ ಮೊದ್ಲು ಕೊಡ್ಬೇಕು. ಹಿಂದೆ ನಿಂತಿರೋ ನಂಗ್ಯಾಕೆ ಸುರೀತಿದ್ದೆ? ಎಮ್ಮೆಗಾದ್ರೂ ಬುದ್ಧಿ ಇರುತ್ತೆ!"

"ಕೊಡ್ದೆ ಇದ್ರೂ ತಪ್ಪು, ಕೊಟ್ರೂ ತಪ್ಪು. ನಂಗೆ ಅರ್ಥ ಆಗ್ತಿಲ್ಲ ಕಣೋ, ನೀನೇ ಹೇಳು" ಎಂದರು ತಿಹೊಮಿರಣ್ಣ.

ಅವನು ಹೇಳಿದ. ಅರ್ಧ ಗಂಟೆ ಹೇಳಿದ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾವಾಗ ಅತಿಥಿ, ಯಾವಾಗ ಮನೆಯವನು, ಎಲ್ಲ ಬೈಗುಳದ ಸಮೇತ ಹೇಳಿದ. ಮಧ್ಯೆ ಎಲ್ಲೋ ಮಾತು ಆಟ ಬಿಟ್ಟು ಅವರ ತಾಯಿಯ ಕಡೆಗೂ ಹೋಗಿ ಬಂತು. ತಿಹೊಮಿರಣ್ಣ ಒಂದು ಮಾತೂ ಅಡ್ಡ ಹಾಕದೆ "ಹೂಂ, ಹೂಂ" ಎನ್ನುತ್ತಿದ್ದರು. ಅವರಿಗೆ ಕಾಲು ಭಾಗವೂ ತಿಳಿಯಲಿಲ್ಲವೆಂದು ನನಗೆ ಗೊತ್ತು.

"ನಿನ್ನ ಕೈಗೆ ಔಷಧಿ ಕೊಟ್ರೆ ನಾವೆಲ್ಲ ಮುಳುಗಿದ್ವಿ" ಎಂದು ರಾದಿಸಾವ್ ಕೊನೆಗೆ ಗೊಣಗಿದ. "ಮುಂದಿನ ಶನಿವಾರ ಬೇರೆ ವೇಷ ಹಾಕ್ಕೊಂಡು ಬಾ."

ತಿಹೊಮಿರಣ್ಣ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಹಾಗಾದ್ರೆ ಯಾವ ವೇಷ?"

"ನನಗೆ ಗೊತ್ತಿಲ್ಲ ತಿಹೊಮಿರಣ್ಣ."

"ನಂಗೂ ಗೊತ್ತಿಲ್ಲ" ಎಂದರು. "ಆದ್ರೆ ಮುಂದಿನ ಶನಿವಾರ ಬಾ ಅಂದ. ನಿಂಗೂ ಕೇಳಿಸ್ತು ತಾನೆ?"